ಚಿನ್ನಸ್ವಾಮಿಯ ಹೆಸರಿನ ಬಾಟಲಿ

ಬಾಟಲಿಯನ್ನು ಎಲ್ಲಿಡಬೇಕು ಅನ್ನುವುದರಲ್ಲೇ ಆ ಮನೆಯಲ್ಲಿ ಮೊದಲ ಜಗಳ ಶುರುವಾಯಿತು. ಹಿಂದಿನ ಸಂಜೆ ಲ್ಯಾಬಿನ ಹುಡುಗಿ ಕುಸುಮ ಕೊಟ್ಟುಹೋದ ಬಿಳಿ ಪ್ಲಾಸ್ಟಿಕ್ ಬಾಟಲಿ ಅದು. ಸೊಸೆ ಪವಿತ್ರ ಅದನ್ನು ಮರೆಯದಿರಲೆಂದು ಅಡುಗೆಮನೆಯ ಕಟ್ಟೆಯ ಮೇಲೆ, ಹಾಲಿನ ಪಾತ್ರೆಯ ಪಕ್ಕ ಇಟ್ಟಿದ್ದಳು. ಬೆಳಿಗ್ಗೆ ಒಲೆ ಹಚ್ಚಲು ಬಂದ ಅತ್ತೆ ಸೋಮಮ್ಮ ಅದನ್ನು ಕಂಡು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಉಚ್ಚ ಬಾಟ್ಲಿ ತಂದು ಹಾಲಿನ ಪಕ್ಕ ಮಡ್ಗಿದ್ದಿಯಲ್ಲವ್ವ."

"ಖಾಲಿ ಬಾಟ್ಲಿ ಅತ್ತೆ. ಹೊಸದು."

"ಅದ್ಕ ಏನ್ ತುಂಬ್ತರ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ತಗ್ದು ಬಚ್ಚಲ್ಗ ಮಡುಗು."

ಪವಿತ್ರ ತುಟಿ ಬಿಗಿದುಕೊಂಡು ಬಾಟಲಿಯನ್ನು ಹಿತ್ತಿಲ ಬಚ್ಚಲಿಗೆ ಸಾಗಿಸಿದಳು. ಅವಳಿಗೆ ಐದು ತಿಂಗಳು. ಹಿಂದೆ ಎರಡು ಸಲ ನಿಲ್ಲದೆ ಹೋದ ಬಸಿರು ಈ ಸಲ ನಿಂತಿತ್ತು. ಆದರೂ ಯಳಂದೂರಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ದಿನಾ ಬಸ್ಸಿನಲ್ಲಿ ಹೋಗಿಬರುವುದನ್ನು ಬಿಟ್ಟಿರಲಿಲ್ಲ. ಹಾಗಾಗಿ ಕಸ, ಮುಸುರೆ, ರುಬ್ಬುವುದು, ನೀರು ಹೊರುವುದು ಎಲ್ಲವೂ ಸೋಮಮ್ಮನ ಪಾಲಿಗೆ. ಸೊಸೆ ಪೊರಕೆ ಮುಟ್ಟಿದರೂ ಅವಳು ಕಿತ್ತುಕೊಳ್ಳುತ್ತಿದ್ದಳು, ಅದೂ ಬೈದುಕೊಂಡೇ.

ಬಾಟಲಿ ಬಂದದ್ದು ಸೋಮಮ್ಮನ ಗಂಡ ಚಿನ್ನಸ್ವಾಮಿಗೆ. ಕೊಳ್ಳೇಗಾಲದ ನೇಕಾರರ ಬೀದಿಯ ಇದೇ ಮನೆಯಲ್ಲಿ ಮೂವತ್ತು ವರ್ಷ ರೇಷ್ಮೆ ನೂಲಿಗೆ ಬಣ್ಣ ಹಾಕಿದ ಮನುಷ್ಯ. ಕಸುಬು ಬಿಟ್ಟು ಆರು ವರ್ಷವಾಗಿತ್ತು. ಕಳೆದ ವರ್ಷ ಮೂತ್ರದಲ್ಲಿ ರಕ್ತ ಕಂಡು, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮೂತ್ರಕೋಶದ ಗಡ್ಡೆ ತೆಗೆಸಿಕೊಂಡು ಬಂದಿದ್ದ. ಕ್ಯಾನ್ಸರ್ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ, 'ಅದು' ಅನ್ನುತ್ತಿದ್ದರು. ಅದು ಮತ್ತೆ ಮತ್ತೆ ಚಿಗುರುವ ಜಾತಿಯದು, ಮೂರು ತಿಂಗಳಿಗೊಮ್ಮೆ ಮೂತ್ರದ ದಾರಿಯಲ್ಲಿ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡಲೇಬೇಕು ಎಂದಿದ್ದರು ಡಾಕ್ಟರು. ಮೂರು ಸಲ ನೋಡಿದ್ದಾಗಿತ್ತು. ಪ್ರತಿ ಸಲ ಮನೆಗೆ ಬಂದವನು ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ.

ಈ ಸಲ ಡಾಕ್ಟರು ಹೊಸ ದಾರಿ ಹೇಳಿದ್ದರು. "ಗೋಡೇಲಿ ಬಿರುಕು ಕಣ್ಣಿಗೆ ಕಾಣೋಕೆ ಮೊದಲೇ ಸುಣ್ಣ ಉದುರುತ್ತೆ ನೋಡಿ, ಹಾಗೆ ಮೂತ್ರಕೋಶದಿಂದಲೂ ಕಣ ಉದುರಿ ಮೂತ್ರದಲ್ಲಿ ಬರುತ್ತೆ. ಆ ಕಣದೊಳಗೆ ಜೀನು ಕೆಟ್ಟಿದೆಯಾ ಅಂತ ಲ್ಯಾಬಲ್ಲಿ ನೋಡ್ತಾರೆ. ಅದು ಚೆನ್ನಾಗಿ ಬಂದರೆ ಕೊಳವೆನ ವರ್ಷಕ್ಕೊಂದು ಸಲ ಇಟ್ಕೊಳ್ಳೋಣ." ವರ್ಷಕ್ಕೊಂದು ಸಲ ಅನ್ನುವುದೊಂದೇ ಚಿನ್ನಸ್ವಾಮಿಯ ಕಿವಿಗೆ ಬಿದ್ದದ್ದು.

ಆರೂವರೆಗೆ ಅವನು ಬಚ್ಚಲ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕರೆದ. ಬಾಟಲಿ ಅವಳ ಕೈಗೆ ಕೊಟ್ಟ.

"ಇದ್ನ ನೀ ತುಂಬು."

"ತಲ ಕೆಟ್ಟದಾ ನಿಂಗ? ಅವ್ರು ಕೇಳಿರದು ನಿಂದು."

"ನಂದು ಕೊಟ್ರ ಏನಾರ ಸಿಕ್ಕೇ ಸಿಕ್ತದ. ಮತ್ತ ಆ ಕೊಳವೆ. ನಿಂಗೇನು ಸಕ್ಕರ್ಯಾ, ಬಿಪಿಯಾ? ಇಷ್ಟ್ ವರ್ಸದಲ್ಲಿ ಒಂದ್ ಜರ ಬಂದು ಮಲ್ಗಿದ್ದ ಕಾಣ್ನಿಲ್ಲ ನಾನು."

"ಮೋಸ ಅಲ್ವಾ ಅದು?"

"ಯಾರ್ಗ ಮೋಸ? ಒಂದೇ ಹಂಡೆಲಿ ಅದ್ದಿದ ಲಡಿಗಳು ನಾವು. ಒಂದ್ ಎಳೆ ನೋಡುದ್ರ ಸಾಕು."

ಅದು ಬಣ್ಣದವರ ರೂಢಿ. ನೂಲಿನ ಲಡಿಗಳನ್ನು ಹಂಡೆಯಿಂದ ತೆಗೆದ ಮೇಲೆ ಒಂದೇ ಒಂದು ಎಳೆಯನ್ನು ಬಿಸಿಲಿಗೆ ಹಿಡಿದು ಇಡೀ ಹಂಡೆಯ ಬಣ್ಣ ಹೇಳಿಬಿಡುತ್ತಾರೆ. ಚಿನ್ನಸ್ವಾಮಿ ಆಯಸ್ಸೆಲ್ಲ ಹಾಗೆ ಹೇಳಿದವನು, ಒಮ್ಮೆಯೂ ತಪ್ಪಿದವನಲ್ಲ. ಆದರೆ ಅವತ್ತು, ಅರವತ್ತೈದು ದಾಟಿದ ಗಂಡಸು ಮಗುವಿನಂತೆ ಹೆದರಿ ನಿಂತದ್ದನ್ನು ನೋಡಿ ಸೋಮಮ್ಮ ಒಳಗೆ ಹೋದಳು. ಬಾಗಿಲು ಹಾಕಿಕೊಂಡು ಬಾಟಲಿ ತುಂಬಿದಳು.

ತುಂಬಿದ ಮೇಲೆ ಬೆಳಕಿಗೆ ಹಿಡಿದು ನೋಡಿದಳು. ತಿಳಿಯಾಗಿತ್ತು. ಒಳಗೊಳಗೇ ಒಂದು ನೆಮ್ಮದಿ. ಯಾಕೆಂದರೆ ನಾಲ್ಕು ತಿಂಗಳಿಂದ ನಡುನಡುವೆ ಅದು ಕೆಂಪಾಗುತ್ತಿತ್ತು, ಒಂದು ದಿನ ಕಂಡರೆ ಹದಿನೈದು ದಿನ ಮಾಯ. ಉಷ್ಣ ಎಂದುಕೊಂಡು ನೀರುಮಜ್ಜಿಗೆ ಕುಡಿಯುತ್ತಿದ್ದಳು, ಕಾಮಕಸ್ತೂರಿ ಬೀಜ ನೆನೆಹಾಕಿ ತಿನ್ನುತ್ತಿದ್ದಳು. ಹಂಡೆ ತೊಳೆದ ಕೆಂಪು ನೀರು ಇದೇ ಬಚ್ಚಲಲ್ಲಿ ಹರಿಯುವುದನ್ನು ಅರ್ಧ ಆಯಸ್ಸು ನೋಡಿದವಳಿಗೆ ಕೆಂಪು ಕಂಡು ಬೆಚ್ಚುವ ಅಭ್ಯಾಸವಿರಲಿಲ್ಲ.

ಏಳೂವರೆಗೆ ಕುಸುಮ ಸ್ಕೂಟರಿನಲ್ಲಿ ಬಂದಳು. ಚೀಟಿಯ ಮೇಲೆ 'ಚಿನ್ನಸ್ವಾಮಿ, ೬೬' ಎಂದು ಬರೆದು ಬಾಟಲಿಗೆ ಅಂಟಿಸುತ್ತ, "ನಿಮ್ದೇ ತಾನೆ ತಾತ?" ಎಂದು ಕೇಳಿದಳು. ರೂಲ್ಸ್ ಪ್ರಕಾರ ಕೇಳಬೇಕಿತ್ತು, ಕೇಳಿದಳು.

"ಇನ್ಯಾರ್ದು ಕೊಡ್ಲವ್ವ" ಎಂದ ಚಿನ್ನಸ್ವಾಮಿ.

ಹತ್ತು ದಿನ ಮನೆ ಹಗುರವಾಗಿತ್ತು. ಹನ್ನೊಂದನೆಯ ದಿನ, ಎಲ್ಲರೂ ಮುದ್ದೆಗೆ ಕೂತಿದ್ದಾಗ ಮಗ ಶಾಂತಮೂರ್ತಿಯ ಮೊಬೈಲ್ ಸದ್ದು ಮಾಡಿತು. ಅವನು ಹನೂರು ರೂಟಿನ ಬಸ್ ಕಂಡಕ್ಟರು, ಊಟದ ನಡುವೆ ಮೊಬೈಲ್ ಮುಟ್ಟುವವನಲ್ಲ. ಅವತ್ತು ಎಡಗೈಯಲ್ಲಿ ತೆಗೆದ, ಓದಿದ, ಮತ್ತೆ ಓದಿದ. ಆಮೇಲೆ ಹೆಂಡತಿಗೆ ತೋರಿಸಿದ.

"ಏನ್ಲಾ?" ಎಂದಳು ಸೋಮಮ್ಮ.

"ಪಾಸಿಟಿವ್ ಬಂದದ ಕನವ್ವ."

"ಅಂದ್ರ ಒಳ್ಳೇದಲ್ವಾ?"

"ಅಲ್ಲ ಅತ್ತೆ," ಎಂದಳು ಪವಿತ್ರ ಮೆಲ್ಲಗೆ. "ಉಚ್ಚೇಲಿ ಸಿಕ್ಕಿದೆ ಅಂತ. ಆದ್ರೆ ಇಷ್ಟರಿಂದ್ಲೇ ಇದೆ ಅನ್ನೋಕಾಗಲ್ಲ, ಹುಡುಕಿ ನೋಡ್ಬೇಕು ಅಂತ ಕೆಳಗೆ ಬರೆದವ್ರೆ."

ಚಿನ್ನಸ್ವಾಮಿ ಮುರಿದ ಮುದ್ದೆಯನ್ನು ಸಾರಿಗೆ ಅದ್ದದೆ ಹಾಗೇ ಹಿಡಿದುಕೊಂಡಿದ್ದ. ಅವನು ನೋಡಿದ್ದು ಮಗನನ್ನಲ್ಲ, ಮೊಬೈಲನ್ನಲ್ಲ, ಸೋಮಮ್ಮನನ್ನು. ಅವಳು ಎದ್ದು, ಇನ್ನೂ ಅರ್ಧ ತುಂಬಿದ್ದ ಸಾರಿನ ಪಾತ್ರೆಯನ್ನು ಹಿತ್ತಿಲಿಗೆ ಒಯ್ದು, ನೀರು ಹಾಕಿ ತೊಳೆಯತೊಡಗಿದಳು. ಸಾರೆಲ್ಲ ಮೋರಿಗೆ ಹೋದ ಮೇಲೇ ಅವಳಿಗೆ ಅದು ಗೊತ್ತಾದದ್ದು.

"ಸೋಮವಾರ ಮೈಸೂರ್ಗ ಓಗದು ಅಪ್ಪ. ನಾನು ರಜ ಹಾಕ್ತಿನಿ."

"ನಾ ಬರಲ್ಲ."

"ಬರಲ್ಲ ಅಂದ್ರ?"

"ನಂಗೇನೂ ಆಗಿಲ್ಲ ಕನ್ಲಾ."

"ನಿಂಗ ಆಗಿಲ್ಲ ಅಂದ್ರ ಇನ್ಯಾರ್ಗ ಆಗದ?" ಶಾಂತಮೂರ್ತಿ ಗದರಿದ. ಆ ಪ್ರಶ್ನೆಗೆ ಆ ಮನೆಯಲ್ಲಿ ಇಬ್ಬರಿಗೆ ಉತ್ತರ ಗೊತ್ತಿತ್ತು.

ಕೈ ತೊಳೆಯುವ ನೆಪದಲ್ಲಿ ಚಿನ್ನಸ್ವಾಮಿ ಹಿತ್ತಿಲಿಗೆ ಬಂದು ಹೆಂಡತಿಯ ಮುಂದೆ ನಿಂತ. "ನಿಂಗ ಏನಾರ ಕಾಣ್ಸಿತ್ತಾ?"

"ಒಂಚೂರು ಕೆಂಪು. ಉಷ್ಣ."

"ಎಸ್ಟ್ ದಿನದಿಂದ?"

"ಲೆಕ್ಕ ಮಡಗಿಲ್ಲ."

"ಈಗ್ಲೇ ಒಳಕ್ ಓಗಿ ಯೋಳ್ತಿನಿ ಇವ್ನ್ಗ."

ಸೋಮಮ್ಮ ಅವನ ರಟ್ಟೆ ಹಿಡಿದಳು. "ನೋಡು, ಆ ಉಡ್ಗಿ ಒಟ್ಟೆ ನಿಂತಿರದು ಈ ಸಲನೇ. ನಾ ಮಲಿಕಂಡ್ರ ಅವ್ಳು ನೀರು ಹೊರ್ತಾಳ, ಬಗ್ಗಿ ಒರುಸ್ತಾಳ. ನಾಕು ತಿಂಗ್ಳು. ಮಗ ಕೈಗ್ ಬರ್ಲಿ, ಆಮೇಕ ನಾನೇ ಯೋಳ್ತಿನಿ. ಅಲ್ಲಿಗಂಟ ಬಾಯಿ ಬುಡಲ್ಲ ಅಂತ ಆಣೆ ಮಾಡು."

"ಮಾಡಲ್ಲ."

"ಆ ಬಾಟ್ಲಿ ನಾನೇನ್ ಕೇಳಿ ಈಸ್ಕಂಡ್ನಾ? ನೀ ಕೊಟ್ಟೆ. ಮಾದಪ್ಪನ ಮೇಲ ಆಣೆ ಮಾಡು."

ಅವನು ಮಾದಪ್ಪನ ಹೆಸರು ಹೇಳಿ ಅವಳ ಕೈಯ ಮೇಲೆ ಕೈಯಿಟ್ಟ. ಮಾದಪ್ಪನ ಬೆಟ್ಟಕ್ಕೆ ವರ್ಷಕ್ಕೆರಡು ಸಲ ನಡೆದುಹೋಗುವ ಮನುಷ್ಯ. ಮಾದಪ್ಪನ ಆಣೆ ಮುರಿದರೆ ಮನೆಯಲ್ಲಿ ಯಾರಿಗೆ ತಟ್ಟುತ್ತದೋ ಎಂದು ನಿಜಕ್ಕೂ ನಂಬಿದವನು. ಸೋಮಮ್ಮನಿಗೆ ಇದು ಗೊತ್ತಿದ್ದೇ ಹಾಗೆ ಕಟ್ಟಿಹಾಕಿದಳು.

ಸೋಮವಾರ ಅವನು ಮರುಮಾತಿಲ್ಲದೆ ಮೈಸೂರಿಗೆ ಹೊರಟಿದ್ದನ್ನು ಕಂಡು ಮಗನಿಗೇ ಆಶ್ಚರ್ಯ. ಕೊಳವೆ ಬಿಟ್ಟರು. ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ. ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಮೂತ್ರದ ರಿಪೋರ್ಟ್ ಇದೆ ಅನ್ನುತ್ತದೆ, ಕಣ್ಣಿಗೆ ಕಾಣುತ್ತಿಲ್ಲ, ಮೇಲೆ ಮೂತ್ರಪಿಂಡದ ದಾರಿಯಲ್ಲಿ ಇರಬಹುದು ಎಂದು ಸ್ಕ್ಯಾನ್ ಮಾಡಿಸಿದರು. ಅದರಲ್ಲೂ ಇಲ್ಲ. ಕೊನೆಗೆ ಅಲ್ಲೇ, ನರ್ಸ್ ಬಾಗಿಲಲ್ಲಿ ನಿಂತು ಇನ್ನೊಂದು ಬಾಟಲಿ ತುಂಬಿಸಿಕೊಂಡಳು.

ಮನೆಗೆ ಬಂದವನು ಈ ಸಲ ಗೋಡೆಯ ಕಡೆ ಮುಖ ಮಾಡಲಿಲ್ಲ. ಉರಿಯಿಂದ ಹಲ್ಲು ಕಚ್ಚಿಕೊಂಡು ಮಲಗಿ, ಅಡುಗೆಮನೆಯಲ್ಲಿ ಓಡಾಡುವ ಹೆಂಡತಿಯನ್ನೇ ನೋಡುತ್ತಿದ್ದ. ಸೋಮಮ್ಮ ಗಂಜಿ ತಂದಿಟ್ಟಳು. ತನಗೆ ಆಗಬೇಕಾದದ್ದನ್ನು ಅವನು ಅನುಭವಿಸಿ ಬಂದಿದ್ದಾನೆ ಅನ್ನುವುದು ಅವಳಿಗೆ ಚುಚ್ಚುತ್ತಿತ್ತು.

"ನೋವದಾ?"

"ನಿಂಗ ಎಂಗದ, ಅದ್ನ ಯೋಳು."

"ನಿನ್ನೆ ಇರ್ನಿಲ್ಲ."

"ಇವತ್ತು?"

ಅವಳು ಲೋಟ ತೆಗೆದುಕೊಂಡು ಎದ್ದುಹೋದಳು.

ಆಮೇಲಿನ ವಾರದಲ್ಲಿ ಆ ಮನೆ ಹಿಂದೆಂದೂ ಕಾಣದ್ದನ್ನು ಕಂಡಿತು. ತಾನು ಕುಡಿದ ಲೋಟವನ್ನು ಎಂದೂ ತೊಳೆಯದ ಚಿನ್ನಸ್ವಾಮಿ ಬೆಳಿಗ್ಗೆ ಎದ್ದು ನಲ್ಲಿಯ ನೀರು ಹಿಡಿದ. ರುಬ್ಬುವ ಮೆಷಿನ್ ಎತ್ತಿಕೊಟ್ಟ. ಒಂದು ದಿನ ಪಾತ್ರೆಗಳ ಮುಂದೆ ಕೂತು ಬೂದಿ ಎಲ್ಲಿ ಎಂದು ಕೇಳಿದ, ಆ ಮನೆ ಬೂದಿ ಬಿಟ್ಟು ಸೋಪಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಪವಿತ್ರ ನಗು ತಡೆಯಲಾರದೆ ಒಳಗೆ ಓಡಿದಳು. ಆದರೆ ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದ್ದು ಬೇರೆಯೇ.

"ಮಾವಂಗೆ ಹುಷಾರಿಲ್ಲ, ಅತ್ತೆ ಚೆನ್ನಾಗವ್ರೆ. ಹಂಗಿದ್ದೂ ಮಾವ ಅತ್ತೇನ ನೋಡ್ಕೊಳ್ತಾವ್ರೆ. ಏನೋ ಇದೆ."

"ಸಾವಿನ ಬಯ ಬಂದ್ರ ಗಂಡಸ್ರು ಒಳ್ಳೇವರಾಯ್ತರ" ಎಂದ ಶಾಂತಮೂರ್ತಿ. ಬಾಗಿಲಾಚೆ ಅನ್ನ ಬಸಿಯುತ್ತಿದ್ದ ಸೋಮಮ್ಮನಿಗೆ ಅದು ಕೇಳಿಸಿತು.

ಮೂರನೆಯ ವಾರ ಎರಡನೆಯ ರಿಪೋರ್ಟ್ ಬಂತು. ನೆಗೆಟಿವ್. ಶಾಂತಮೂರ್ತಿ ಅದನ್ನು ಓದಿ ಸಂತೋಷಪಡುವ ಬದಲು ಕೆಂಡವಾದ. ಡ್ಯೂಟಿ ಮುಗಿಸಿ ಯೂನಿಫಾರಮ್ಮಿನಲ್ಲೇ ಲ್ಯಾಬಿನ ಸೆಂಟರಿಗೆ ಹೋಗಿ ಗಲಾಟೆ ಮಾಡಿ ಬಂದ. ನಮ್ಮಪ್ಪನ ಬಾಟಲಿ ಬದಲಾಯಿಸಿದ್ದೀರಿ, ಇಲ್ಲದ ಕಾಯಿಲೆಗೆ ಕೊಳವೆ ಬಿಡಿಸಿದ್ದೀರಿ, ಕಂಪ್ಲೇಂಟ್ ಕೊಡುತ್ತೇನೆ ಎಂದು ಟೇಬಲ್ ಕುಟ್ಟಿದ್ದನಂತೆ. ಊಟಕ್ಕೆ ಕೂತು ಅದನ್ನೇ ಎರಡು ಸಲ ಹೇಳಿದ. ಚಿನ್ನಸ್ವಾಮಿ ತಲೆ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕುಸುಮ ಬಂದಳು. ಬ್ಯಾಗಿರಲಿಲ್ಲ, ಕೊರಳಲ್ಲಿ ಐಡಿ ಕಾರ್ಡೂ ಇರಲಿಲ್ಲ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತಳು.

"ತಾತ, ನೀವೇ ಯೋಳಿ. ನಿಮ್ಮ ಕೈಯಿಂದ ಈಸ್ಕಂಡು, ನಿಮ್ಮೆದ್ರುಗೇ ಚೀಟಿ ಅಂಟುಸ್ಲಿಲ್ವಾ ನಾನು? ಕೆಲ್ಸದಿಂದ ನಿಲ್ಸವ್ರೆ. ಲೊಕ್ಕನಳ್ಳಿಲಿ ನಮ್ಮವ್ವ ನನ್ನ ಸಂಬ್ಳ ನೋಡ್ಕಂಡು ಕೂತದ."

"ನಿಲ್ಲುಸ್ದೆ ಏನ್ ಮಾಡಾರು" ಎಂದ ಶಾಂತಮೂರ್ತಿ. "ಯಾರ್ದೋ ರೋಗನ ನಮ್ಮಪ್ಪನ ತಲೆಗ್ ಕಟ್ಟಿದ್ದೀಯ."

"ಆಗ್ಲಿ ಅಣ್ಣ, ನಾನೇ ಬದ್ಲಾಯಿಸ್ದೆ ಅಂತ ಇಟ್ಕಳಿ. ಹಂಗಾದ್ರೆ ಅವತ್ತು ನಾನು ತಂದ ಒಂಬತ್ತು ಬಾಟ್ಲಿಲಿ ಯಾರ್ಗೋ ಒಬ್ರಿಗೆ ಐತೆ ತಾನೆ? ಅವ್ರು ಚೆನ್ನಾಗಿವ್ನಿ ಅಂತ ಮನೇಲಿ ಕೂತವ್ರೆ. ಲ್ಯಾಬಿಂದ ಒಬ್ಬೊಬ್ರಿಗೂ ಫೋನ್ ಮಾಡಿ ಮತ್ತೆ ಕರೀತಾವ್ರೆ. ಸತ್ತೇಗಾಲದ ಮೇಷ್ಟ್ರೊಬ್ರು ಮೊನ್ನೆಯಿಂದ ಅನ್ನ ಮುಟ್ಟಿಲ್ವಂತೆ. ಅವ್ರ ಹೆಂಡ್ತಿ ನಂಗೆ ಫೋನ್ ಮಾಡಿ ಅಳ್ತಾವ್ರೆ."

ಚಿನ್ನಸ್ವಾಮಿ ಕಂಬ ಹಿಡಿದು ಎದ್ದ. ಬಾಯಿ ತೆರೆದ, ಮುಚ್ಚಿದ. ಸೋಮಮ್ಮ ಅವನನ್ನು ನೋಡಿದಳು. ಆಣೆಗೆ ಕಟ್ಟುಬಿದ್ದು ಅವನು ಸತ್ತರೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತು. ಇಷ್ಟು ದಿನ ಅವಳಿಗೆ ಬೇಕಾಗಿದ್ದುದೂ ಅದೇ. ಆದರೆ ಬಾಗಿಲಲ್ಲಿ ನಿಂತ ಹುಡುಗಿಯ ಕಾಲಲ್ಲಿ ಒಂದೊಂದು ಚಪ್ಪಲಿ ಒಂದೊಂದು ಬಣ್ಣದ್ದಾಗಿತ್ತು. ಗಾಬರಿಯಲ್ಲಿ ಸಿಕ್ಕಿದ್ದು ಮೆಟ್ಟಿಕೊಂಡು ಬಂದಿದ್ದಾಳೆ. ನನ್ನ ಮನೆಯ ಮಗು ಉಳಿಯಲಿ ಎಂದು ಇನ್ನೊಬ್ಬರ ಮಗಳನ್ನು ಬೀದಿಗೆ ನೂಕಿದೆ ಎಂದು ಸೋಮಮ್ಮನಿಗೆ ನಾಚಿಕೆಯಾಯಿತು.

"ಆ ಮೇಷ್ಟ್ರುಗ ಫೋನ್ ಮಾಡಿ ಉಣ್ಣಕ್ಕ ಯೋಳವ್ವ," ಎಂದಳು. "ಬಾಟ್ಲಿ ಬದ್ಲಾಗಿಲ್ಲ. ಅದು ನಂದು."

"ಏನ್ ನಿಂದು?" ಎಂದ ಮಗ.

"ಉಚ್ಚ ನಂದು. ನಿಮ್ಮಪ್ಪ ಎದ್ರುಕಂಡಿತ್ತು, ನಾ ತುಂಬ್ದೆ. ಕಾಯ್ಲೆ ನಂಗದ."

ಚಿನ್ನಸ್ವಾಮಿ ಕುಸಿದು ಕೂತ. "ಮಾದಪ್ಪ, ನಾನೇನೂ ಯೋಳ್ನಿಲ್ಲ" ಎಂದು ತಾರಸಿಯ ಕಡೆ ಕೈ ಮುಗಿದ. ಬೇರೆ ಹೊತ್ತಾಗಿದ್ದರೆ ಯಾರಾದರೂ ನಗುತ್ತಿದ್ದರು.

ಶಾಂತಮೂರ್ತಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದದ್ದೇ ಅಪ್ಪನ ಮೇಲೆ ತಿರುಗಿದ. "ನಿಂಗ ಮನುಸತ್ವ ಅನ್ನದು ಅದಾ? ಮೂರು ವಾರ ಗೊತ್ತಿತ್ತು ನಿಂಗ. ಮೂರು ವಾರ ಅವ್ವನ ಕೈಲಿ ಬೇಯ್ಸಿಕಂಡು ತಿಂದ್ಯಲ್ಲ."

"ತಿಂದೆ ಕನ್ಲಾ" ಎಂದ ಚಿನ್ನಸ್ವಾಮಿ.

"ಅವ್ನ ಬೈಬ್ಯಾಡ, ಆಣೆ ಹಾಕ್ಸಿದ್ದು ನಾನು. ಪವಿತ್ರ ಹೆರಿಗೆ ಆಗಗಂಟ..."

"ನನ್ನ ಹೊಟ್ಟೆ ನೆಪ ಹೇಳ್ಬೇಡಿ ಅತ್ತೆ." ಪವಿತ್ರ ಅತ್ತೆಯ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ನನ್ನ ಮಗೂಗೆ ನೀರು ಹಾಕೋರು ಯಾರು? ಎದೆಹಾಲು ಬರದಿದ್ರೆ ಬೈಯೋರು ಯಾರು? ನೀವು ಇಲ್ದೆ ಹೋದ್ರೆ ಆ ಮಗು ಮುಖ ನೋಡ್ದಾಗೆಲ್ಲ ನಂಗೆ ಏನನ್ಸುತ್ತೆ, ಅದೂ ಯೋಚ್ನೆ ಮಾಡಿದ್ರಾ? ನೀರು ನಾನು ಹೊರಲ್ಲ. ಇವ್ರು ಹೊರ್ತಾರೆ. ಬಸ್ಸಲ್ಲಿ ದಿನಾ ಇನ್ನೂರು ಜನರ ಕೈಲಿ ಬೈಸ್ಕೊಳ್ತಾರೆ, ನಾಲ್ಕು ಕೊಡ ಹೊತ್ರೆ ಸವೆದೋಗಲ್ಲ."

ಶಾಂತಮೂರ್ತಿ ಚಪ್ಪಲಿ ಮೆಟ್ಟಿಕೊಂಡು ಕುಸುಮಳ ಜೊತೆ ಲ್ಯಾಬಿಗೆ ಹೊರಟ, ನಿಜ ಹೇಳಿ ಬರೆದುಕೊಡಲು. ಹೊರಡುವಾಗ ಅಪ್ಪನ ಮುಖ ನೋಡಲಿಲ್ಲ.

ಎರಡು ದಿನದಲ್ಲಿ ಅವರು ಮೈಸೂರಿನಲ್ಲಿದ್ದರು. ಡಾಕ್ಟರು ಕಥೆ ಕೇಳಿ ಮೊದಲು ಚಿನ್ನಸ್ವಾಮಿಗೆ ಸರಿಯಾಗಿ ಬೈದರು. ಆಮೇಲೆ ಸೋಮಮ್ಮನಿಗೆ ಕೊಳವೆ ಬಿಟ್ಟು ನೋಡಿದರು. ಕಂಡಿತು. ಬೇಳೆಕಾಳಿನಷ್ಟು ಗಾತ್ರದ್ದು ಎರಡು. ಅರಿವಳಿಕೆ ಕೊಟ್ಟು ಕೆರೆದು ತೆಗೆದರು. ಮೂರನೆಯ ಬೆಳಿಗ್ಗೆ ವಾರ್ಡಿಗೆ ಬಂದು, ಇನ್ನೂ ಗೋಡೆಯೊಳಕ್ಕೆ ಇಳಿದಿಲ್ಲ ಅನ್ನಿಸುತ್ತೆ, ಲ್ಯಾಬಿನ ವರದಿ ಬರಲಿ, ಇನ್ನೂ ನಾಲ್ಕು ತಿಂಗಳು ಬಿಟ್ಟು ಬಂದಿದ್ದರೆ ನಾನು ಬೇರೆ ಮಾತಾಡಬೇಕಿತ್ತು ಎಂದರು. ಸೋಮಮ್ಮ ಮಂಚದಲ್ಲಿ ಒರಗಿಕೊಂಡಿದ್ದಳು. ಬದಿಯಲ್ಲಿ ನೇತುಹಾಕಿದ್ದ ಚೀಲಕ್ಕೆ ಕೆಂಪು ನೀರು ಇಳಿಯುತ್ತಿತ್ತು. ಅದನ್ನು ಆಗಾಗ ಹೋಗಿ ನೋಡಿ ಬರುವ ಕೆಲಸವನ್ನು ಚಿನ್ನಸ್ವಾಮಿ ತಾನಾಗಿ ವಹಿಸಿಕೊಂಡಿದ್ದ.

ಡಾಕ್ಟರು ಕೇಸ್ ಹಾಳೆ ಬಿಡಿಸಿ ಪೆನ್ ತೆಗೆದರು. "ಬೀಡಿ, ಹೊಗೆಸೊಪ್ಪು ಏನಾದರೂ?"

"ಇಲ್ಲ ಸಾ. ಎಲಡಿಕೆನೂ ಇಲ್ಲ" ಎಂದಳು.

"ಏನು ಕೆಲಸ ಮಾಡ್ತಿದ್ರಿ?"

"ಏನೂ ಇಲ್ಲ ಸಾ. ಮನೇಲೇ."

"ಹೌಸ್ ವೈಫ್ ಸರ್" ಎಂದು ಶಾಂತಮೂರ್ತಿ ಸರಿಪಡಿಸಿದ. ಡಾಕ್ಟರು ಬರೆದುಕೊಂಡರು.

"ತಪ್ಪು ಸಾ. ಹೊಡ್ದಾಕಿ ಅದ್ನ."

ಮಾತಾಡಿದ್ದು ಚಿನ್ನಸ್ವಾಮಿ. ಮಂಚದ ಕಾಲ ಕಡೆ ನಿಂತಿದ್ದವನು ಮುಂದೆ ಬಂದ.

"ನನ್ನ ಹಾಳೇಲಿ ಬಣ್ಣದ ಕೆಲ್ಸ ಮೂವತ್ತು ವರ್ಸ ಅಂತ ಬರ್ಕಂಡಿದ್ದೀರಲ್ಲ ಸಾ, ಇವ್ಳದ್ರಲ್ಲೂ ಅದ್ನೇ ಬರೀರಿ. ನನ್ನ ಪಕ್ಕದಲ್ಲೇ ನಿಂತಿದ್ಲು. ನಾ ಉದ್ದಕೋಲ್ ಹಿಡ್ಕಂಡು ಲಡಿ ತಿರುವ್ತಿದ್ದೆ. ಕುದಿಯದ್ರಿಂದ ತಗ್ದು ಹಿಂಡ್ತಿದ್ದವ್ಳು ಇವ್ಳು, ಬರಿಗೈಲಿ. ಬಣ್ಣ ನಂಗಿಂತ ಇವ್ಳ್ಗೇ ಜಾಸ್ತಿ ಮೆತ್ಕತಿತ್ತು."

ಡಾಕ್ಟರು ಪೆನ್ ಹಿಡಿದುಕೊಂಡೇ ಅವನನ್ನು ನೋಡಿದರು. "ನೀವು ಒಂದು ವರ್ಷದಿಂದ ಇಲ್ಲಿಗೆ ಬರ್ತಾ ಇದ್ದೀರಿ. ಆ ಬಣ್ಣದಿಂದಲೂ ಈ ಕಾಯಿಲೆ ಬರುತ್ತೆ, ಮನೆಯಲ್ಲಿ ಇನ್ಯಾರಾದರೂ ಬಣ್ಣದ ಕೆಲಸ ಮಾಡಿದ್ದಾರಾ ಅಂತ ಮೊದಲ ದಿನವೇ ಕೇಳಿದ್ದೆ. ಇಲ್ಲ ಅಂದ್ರಿ."

"ಅಂದಿದ್ದೆ ಸಾ" ಎಂದ ಅವನು. "ಇವ್ಳು ಮಾಡ್ತಿದ್ದುದು ಕೆಲ್ಸ ಅಂತ ನಂಗ ಅನ್ಸೇ ಇರ್ನಿಲ್ಲ."

ಶಾಂತಮೂರ್ತಿ ಕಿಟಕಿಯ ಕಡೆ ತಿರುಗಿಕೊಂಡ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಸೋಮಮ್ಮನನ್ನೇ ಕೇಳಿದರು, "ಎಷ್ಟು ವರ್ಷ ಅಮ್ಮ?"

ಸೋಮಮ್ಮ ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿದ್ದ. ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡರ ಕೆಳಗೆ ಹೆಸರಿಲ್ಲದ ಒಂದು ಸಮಾಧಾನವೂ ಇತ್ತು. ಹೊದಿಕೆಯ ಮೇಲಿದ್ದ ಎರಡೂ ಕೈಗಳನ್ನು ಮಗುಚಿ ನೋಡಿಕೊಂಡು, ಲೆಕ್ಕ ಹಾಕಿ ಹೇಳಿದಳು.

"ಇಪ್ಪತ್ತೊಂಬತ್ತು ಸಾ. ಈ ನನ್ ಮಗ ಹುಟ್ಟಿದ ವರ್ಸ ಒಂದು ಮಾಡ್ಲಿಲ್ಲ."